ಸುಭದ್ರಾ ಮೇಡಂ ಹೊದಿಸಿದ ಮಣ್ಣು

ಸಿಟ್ಟು ಏರಿದಷ್ಟೂ ಸುಭದ್ರಾ ಮೇಡಂ ದನಿ ತಗ್ಗುತ್ತಿತ್ತು. ಕಮಲಾಪುರದ ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ, ನಾನು ಕನ್ನಡ. ಅವರು ಪಿಸುಗುಟ್ಟತೊಡಗಿದರೆ ಪ್ರಿನ್ಸಿಪಾಲರೂ ಕುರ್ಚಿ ಬಿಟ್ಟು ಏಳುತ್ತಿದ್ದರು.

ಅವರ ಮನೆ ಇದ್ದದ್ದು ಕಲಬುರಗಿಯ ಅಂಚಿನಲ್ಲಿ, ನಗರದ ಕಸವೆಲ್ಲ ಬಂದು ಬೀಳುವ ಗುಡ್ಡದ ಹತ್ತಿರ. ಬೇಸಿಗೆಯಲ್ಲಿ ಗುಡ್ಡ ತಾನಾಗಿಯೇ ಹೊತ್ತಿಕೊಳ್ಳುತ್ತಿತ್ತು. ಓಣಿಯ ಮಕ್ಕಳು ಕೆಮ್ಮುತ್ತಲೇ ಮಲಗುತ್ತಿದ್ದವು.

"ಹೊಲಸು ನಾತಕ್ಕ ಮೂಗು ಮುಚ್ಕೋತೀರಿ. ನಾತನೇ ಇಲ್ಲದ ಗ್ಯಾಸ್ ಅದ ಅಲ್ಲಿ, ಮೀಥೇನ್. ಬೆಂಕಿಗಿ ಅದೇ ಊಟ. ಭೂಮಿ ಕಾಯಸೋದೂ ಅದೇ," ಎನ್ನುತ್ತಿದ್ದರು.

ಮಹಾಗಾಂವದ ರೈತರು ಹೊಲದಲ್ಲೇ ಸುಟ್ಟುಬಿಡುವ ತೊಗರಿ ಕಟ್ಟಿಗೆಯನ್ನು ಮೇಡಂ ತಂದು, ಮುಚ್ಚಿದ ಡ್ರಮ್ಮಿನಲ್ಲಿ ಗಾಳಿಯಾಡದಂತೆ ಕಾಯಿಸಿ ಇದ್ದಿಲು ಮಾಡಿದರು. ಅದನ್ನು ಪುಡಿ ಮಾಡಿ, ಗೊಬ್ಬರ ಮತ್ತು ಮಣ್ಣಿನಲ್ಲಿ ಕಲಸಿ, ಪಾಲಿಕೆಯ ಮೇಲಿನವರ ಒಪ್ಪಿಗೆ ಪಡೆದು ಗುಡ್ಡದ ಒಂದು ಮಗ್ಗುಲಿಗೆ ಹೊದಿಸಿದರು.

"ಇದ್ದಲಿ ತುಂಬ ತೂತು ಇರ್ತಾವ್ರಿ ಸರ್. ಅದರಾಗ ಮೀಥೇನ್ ತಿನ್ನೋ ಸಣ್ಣ ಜೀವ ಮನಿ ಮಾಡ್ಕೋತಾವ," ಎಂದು ನನಗೆ ವಿವರಿಸಿದರು.

ಮಳೆಗಾಲ ಕಳೆದ ಮೇಲೆ ಯಂತ್ರ ಹಿಡಿದು ಅಳೆದರು. ಆ ಮಗ್ಗುಲಲ್ಲಿ ಗ್ಯಾಸು ಬಹಳ ಇಳಿದಿತ್ತು. ಅವತ್ತು ಸೂಪರ್ ಮಾರ್ಕೆಟ್ಟಿನಿಂದ ಪೇಢೆ ತಂದು ಓಣಿಗೆಲ್ಲ ಹಂಚಿದರು.

ಅಷ್ಟರಲ್ಲಿ ಯಾರೋ ದೊಡ್ಡವರು ಗುಡ್ಡ ನೋಡಲು ಬರುವವರಿದ್ದರು. ಅವರ ಕಾರು ಕುಲುಕಬಾರದೆಂದು ರಸ್ತೆಯ ತಗ್ಗು ತುಂಬಲು ಗುತ್ತಿಗೆದಾರ ಮಣ್ಣು ಹುಡುಕಿದ. ಸಿಕ್ಕಿದ್ದು ಮೇಡಂ ಹೊದಿಸಿದ ಮಣ್ಣು! ನಾವು ಓಡಿ ಹೋಗುವಷ್ಟರಲ್ಲಿ ಜೆಸಿಬಿ ಎಲ್ಲವನ್ನೂ ಕೆರೆದು ರಸ್ತೆಗೆ ಸುರಿದಿತ್ತು.

"ಮಣ್ಣೇ ಅಲ್ಲೇನ್ರಿ ಮೇಡಂ, ಮತ್ತ ಹಾಕ್ಕೋರಿ," ಎಂದ ಗುತ್ತಿಗೆದಾರ.

ಆ ಮಾತು ನೆನೆದರೆ ಇಂದಿಗೂ ನನ್ನ ಮೈ ಉರಿಯುತ್ತದೆ. ಕೂಸುಗಳ ಉಸಿರಿಗಿಂತ ಕಾರಿನ ಗಾಲಿ ದೊಡ್ಡದಾಯಿತೇ?

ಮರುದಿನ ಕಾರುಗಳ ಸಾಲು ಬಂದಾಗ ಮೇಡಂ ನಡುರಸ್ತೆಯಲ್ಲಿ ಕುಳಿತು ಆ ಮಣ್ಣನ್ನು ಬುಟ್ಟಿಗೆ ಬಳಿದುಕೊಳ್ಳುತ್ತಿದ್ದರು.

"ಏನ್ ಮಾಡ್ಲಾಕತ್ತೀರಿ? ಏಳ್ರಿ!" ಎಂದು ಪೊಲೀಸರೊಬ್ಬರು ಗದರಿದರು.

"ನಮ್ಮ ಮಣ್ಣು ನಾವು ಒಯ್ಲಾಕತ್ತೀವಿ," ಎಂದರು ಮೇಡಂ. ಪಕ್ಕದಲ್ಲಿದ್ದ ನನಗೇ ಆ ದನಿ ಸರಿಯಾಗಿ ಕೇಳಿಸಲಿಲ್ಲ.

ರಟ್ಟೆ ಹಿಡಿದು ಅವರನ್ನು ಬದಿಗೆ ಸರಿಸಿದರು. ಬುಟ್ಟಿ ಉರುಳಿತು. ದೊಡ್ಡವರು ಕಾರಿನ ಗಾಜು ಕೂಡ ಇಳಿಸಲಿಲ್ಲ.

ಮೇಡಂ ಮತ್ತೆ ಡ್ರಮ್ಮಿಗೆ ಬೆಂಕಿ ಹಚ್ಚಿದರು. ಆ ಮಗ್ಗುಲಿಗೆ ಸಾಲುವಷ್ಟು ಇದ್ದಿಲು ಕೂಡುವ ಮೊದಲೇ, ಚಳಿಗಾಲದಲ್ಲಿ, ಎದೆನೋವು ಬಂದು ತೀರಿಕೊಂಡರು.

ಈ ಬೇಸಿಗೆಯಲ್ಲಿ ಗುಡ್ಡ ಹೊತ್ತಿದ್ದು ಆರಲೇ ಇಲ್ಲ. ಹೊಗೆ ನಗರದೊಳಗಿನ ಶಹಾಬಜಾರದವರೆಗೂ ಬಂತು. ಆಗ ಗುತ್ತಿಗೆದಾರ ನನಗೆ ಫೋನ್ ಮಾಡಿದ.

"ಸರ್, ಆ ಇದ್ದಲಿ ಮೇಡಂ ನಂಬರ್ ಕೊಡ್ರಿ. ಮ್ಯಾಲಿನವರು ಕೇಳ್ಲಾಕತ್ತಾರ."

"ಮೇಡಂ ಹೋದ್ರು," ಎಂದೆ.

"ಯಾವ ಊರಿಗ್ರಿ?" ಎಂದ.