ಬಾಳವ್ವನ ಬಂಗಾರದ ಹುಳಗಳು

ಬೆಳಗಿನ ಆರು ಗಂಟೆ. ಹುಬ್ಬಳ್ಳಿಯ ಹಳೆಯ ಹತ್ತಿ ಜಿನ್ನಿನ ಶೆಡ್ಡಿನಲ್ಲಿ ನಲವತ್ತು ಅಡಿ ಉದ್ದದ ಮೇಜು. ಅದರ ಮೇಲೆ ಬಿಳಿ ರೇಷ್ಮೆ ಹಾಸಿದೆ. ಬಾಳವ್ವ ಬರಿಗಾಲಲ್ಲಿ ನಿಂತು ಒಂದೊಂದೇ ಪದರ ಎತ್ತಿ ಮಡಚುತ್ತಿದ್ದಾಳೆ. ಮೇಜಿನ ಆಚೆ ತುದಿಯಲ್ಲಿ ಅವಳ ಜೋಡಿ ಇಮಾಮಬಿ ಹಗ್ಗಗಳನ್ನು ಬಿಗಿಹಿಡಿದಿದ್ದಾಳೆ. ರೇಷ್ಮೆಗೆ ತಾಗುತ್ತದೆ, ಬಳೆ ತೆಗೆದಿಡು ಎಂದು ಮೊದಲ ದಿನ ಹೇಳಿದ್ದರಂತೆ. ಗಂಡ ಗಟ್ಟಿಮುಟ್ಟಾಗಿರುವಾಗ ಬಳೆ ತೆಗೆಯುವುದುಂಟೆ? ಬಾಳವ್ವ ಮುಂಗೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಅಂದಿನಿಂದ ಶೆಡ್ಡಿನ ಹೆಂಗಸರೆಲ್ಲ ಹಾಗೇ ಮಾಡುತ್ತಾರೆ.

ಅವಳು ಮಡಚುತ್ತಿರುವುದು ವಿಮಾನದವರ ಛತ್ರಿ. ಓದಿದವರು ಪ್ಯಾರಾಶೂಟ್ ಎನ್ನುತ್ತಾರೆ. ವಿಮಾನಕ್ಕೆ ಬೆಂಕಿ ಹತ್ತಿದರೆ ಒಳಗಿದ್ದವನು ಇದನ್ನು ಬೆನ್ನಿಗೆ ಕಟ್ಟಿಕೊಂಡು ಆಕಾಶದಿಂದ ಹಾರಬೇಕು. ಬಿಚ್ಚಿಕೊಂಡರೆ ಉಳಿದ, ಇಲ್ಲದಿದ್ದರೆ ಇಲ್ಲ. ಶೆಡ್ಡು ಯಾವ ರಸ್ತೆಯಲ್ಲಿದೆ ಎಂದು ಬರೆಯಲು ನನಗೆ ಅಪ್ಪಣೆಯಿಲ್ಲ. ಯುದ್ಧ ಶುರುವಾಗಿ ಐದು ವರ್ಷವಾಯಿತು, ಈಗ ರಸ್ತೆಯ ಹೆಸರೂ ಗುಟ್ಟು.

ಬಾಳವ್ವ ಹಳೇ ಹುಬ್ಬಳ್ಳಿಯವಳು. ಗಂಡ ಫಕೀರಪ್ಪ ಅರಳೆ ಅಂಗಡಿಯಲ್ಲಿ ಹಮಾಲ. ಎರಡು ವರ್ಷದ ಹಿಂದಿನವರೆಗೆ ಆಕೆ ಓಣಿಯ ಮಂದಿಗೆ ಕೌದಿ ಹೊಲಿದುಕೊಡುತ್ತಿದ್ದಳು. ಸಣ್ಣ ಹೊಲಿಗೆ, ನೆಟ್ಟಗಿನ ಸಾಲು. ಅದನ್ನು ನೋಡಿದ ಶೆಡ್ಡಿನ ಮೇಲ್ವಿಚಾರಕಿ, ಧಾರವಾಡದ ತಾರಾಬಾಯಿಯವರು ಕರೆದು ಕೆಲಸ ಕೊಟ್ಟರು. ದಿನಕ್ಕೆ ಎಂಟು ಛತ್ರಿ. ಇಲ್ಲಿಯವರೆಗೆ ನಾಲ್ಕೂವರೆ ಸಾವಿರ ದಾಟಿದೆ. ಪ್ರತಿ ಛತ್ರಿಯ ಜೊತೆ ಒಂದು ಚೀಟಿ. ಅದರ ಮೇಲೆ ನಂಬರು, ಬಾಳವ್ವನ ಹೆಬ್ಬೆಟ್ಟು.

ನಾನು ಬಂದದ್ದು ಛತ್ರಿ ನೋಡಲಿಕ್ಕಲ್ಲ, ಹುಳ ನೋಡಲಿಕ್ಕೆ. ಆಕೆಯ ಹತ್ತಿರ ಬಂಗಾರದ ಹುಳಗಳಿವೆಯಂತೆ ಎಂದು ಧಾರವಾಡದಲ್ಲಿ ಯಾರೋ ಹೇಳಿದ್ದೇ ತಡ, ರವಿವಾರದ ಪುರವಣಿಗೆ ಒಳ್ಳೇ ಸರಕು ಸಿಕ್ಕಿತೆಂದು ಹಲ್ಲು ಕಿರಿಯುತ್ತಾ ಬಂದವನು ನಾನು. ತಡೆಯಲಾಗಲಿಲ್ಲ. ಮೂರನೆಯ ಛತ್ರಿ ಮಡಚಿ ಮುಗಿಯುತ್ತ ಬಂದಾಗ ಕೇಳಿಯೇಬಿಟ್ಟೆ: “ಬಾಳವ್ವ, ಆ ಹುಳಾ ಒಂದೀಟು ತೋರಿಸ್ತೀಯೇನ?”

ಆಕೆ ಕೈ ಒರೆಸಿಕೊಂಡು ನಡುವಿಗೆ ಸಿಕ್ಕಿಸಿಕೊಂಡಿದ್ದ ಒಂದು ಕೌದಿಯ ತುಂಡು ತೆಗೆಯುತ್ತಾಳೆ. ಅದಕ್ಕೆ ಚುಚ್ಚಿದ ಏಳು ಪಿನ್ನುಗಳು. ಒಂದೊಂದೂ ಉಗುರಿನಷ್ಟುದ್ದದ ರೇಷ್ಮೆಹುಳ, ಕಣ್ಣಿಗೆ ಕೆಂಪು ಹರಳು, ಬೆನ್ನ ಹಿಂದೆ ಕೊರೆದ ಹೆಸರು. ಛತ್ರಿಯಿಂದ ಜೀವ ಉಳಿಸಿಕೊಂಡ ವಿಮಾನದವರಿಗೆ ವಿಲಾಯತಿಯ ಕಂಪನಿಯೊಂದು ಕೊಡುವ ಗುರುತು ಇದು. ಹೋದ ವರ್ಷ ಊರುಗೋಲು ಹಿಡಿದ ಪಂಜಾಬಿ ಹುಡುಗನೊಬ್ಬ ಚೀಟಿಯ ನಂಬರು ಹುಡುಕಿಕೊಂಡು ಬಂದು ತನ್ನ ಹುಳವನ್ನು ಆಕೆಯ ಅಂಗೈಯಲ್ಲಿಟ್ಟ.

“ಅಂವಾ ಕಾಲು ಮುಟ್ಟಾಕ ಬಂದನ್ರಿ. ನಾ ಹೆದರಿ ಹಿಂದ ಸರದೆ. ಅಷ್ಟು ದೊಡ್ಡ ಮನಶಾ, ನನ್ನ ಕಾಲು ಮುಟ್ಟೋದಂದ್ರ?”

ಅದಾದ ಮೇಲೆ ಆಕೆಗೆ ಹುಚ್ಚೇ ಹಿಡಿಯಿತು. ಶೆಡ್ಡಿಗೆ ಯಾವ ವಿಮಾನದವನು ಬರಲಿ, ನಿಮ್ಮ ಹುಳ ಎಲ್ಲಿ ಎಂದು ಕೈಚಾಚುವುದೇ. ತಾರಾಬಾಯಿಯವರು ನಾಚಿ ನೀರಾಗುತ್ತಾರೆ. ಇಬ್ಬರು ನಕ್ಕು ಕೊಟ್ಟರು, ನಾಲ್ವರು ಟಪಾಲಿನಲ್ಲಿ ಕಳಿಸಿದರು.

“ಇಷ್ಟು ಆಸೆ ಯಾಕವ್ವ? ಬಂಗಾರ ಅಂತನಾ?” ಎಂದೆ.

“ಬಂಗಾರ ತಗೊಂಡು ಏನ್ ಮಾಡ್ಲಿರಿ? ನಾಕೂವರಿ ಸಾವಿರ ಮಡಚೇನಿ. ಬಿಚ್ಚಿಕೊಂಡಾವು ಅಂತ ಹೇಳಿದವರು ಏಳು ಮಂದಿ. ಬಿಚ್ಚಲಿಲ್ಲಂದ್ರ ಯಾರು ಬಂದು ಹೇಳ್ತಾರ್ರಿ? ಮುಂಜಾನಿ ಕಣ್ಣು ಬಿಟ್ಟ ಕೂಡಲೇ ಎದಿ ಡವಡವ ಅಂತೈತಿ. ಈ ಏಳೂ ಮುಟ್ಟಿ ನೋಡಿಕೋತೇನಿ. ಆಮ್ಯಾಲೆ ಏಳಾಕ ಬರ್ತೈತಿ.”

ಇಂಥ ಮಾತು ಸಿಕ್ಕ ಮೇಲೆ ಪತ್ರಿಕೆಯವನಿಗೆ ಬೇರೇನು ಬೇಕು? ನಾನು ಬರೆದದ್ದೇ ಬರೆದದ್ದು. ಅಷ್ಟರಲ್ಲಿ ಲಾರಿಯವನು ಹಾರ್ನ್ ಬಾರಿಸಿದ. ಬಾಳವ್ವ ಗಡಬಡಿಸಿ ಛತ್ರಿಯ ಚೀಲ ಮುಚ್ಚಿ ಹೆಬ್ಬೆಟ್ಟು ಒತ್ತಿದಳು. ಆಳುಗಳು ಅದನ್ನು ಪೆಟ್ಟಿಗೆಗೆ ತುಂಬಿ, ಸೀಲು ಹಾಕಿ, ಲಾರಿಗೇರಿಸಿದರು. ಒಂಬತ್ತರ ಗುಂತಕಲ್ಲು ಗಾಡಿಗೆ ಹೋಗಬೇಕಾದ ಮಾಲು.

ನಾಲ್ಕನೆಯ ಛತ್ರಿ ಹಾಸಿದರು. ರೇಷ್ಮೆ ಜಾರದಂತೆ ಮಡಿಕೆಗಳ ಮೇಲೆ ಇಡಲು ಸೀಸದ ಗುಂಡು ತುಂಬಿದ ಗೇಣುದ್ದದ ಚೀಲಗಳಿರುತ್ತವೆ. ಮೇಜಿಗೆ ಐದು. ಮಡಚಿ ಮುಗಿದ ಮೇಲೆ ಐದನ್ನೂ ತೆಗೆದು, ಎಣಿಸಿ, ಗೂಟಕ್ಕೆ ತೂಗುಹಾಕಿದ ಮೇಲೆಯೇ ಛತ್ರಿ ಮುಚ್ಚುವುದು ಇಲ್ಲಿಯ ಪದ್ಧತಿ. ಬಾಳವ್ವ ಗೂಟದ ಕಡೆ ಕೈಚಾಚಿದಳು. ಚಾಚಿದ ಕೈ ಅಲ್ಲೇ ನಿಂತಿತು.

ಗೂಟದಲ್ಲಿ ನಾಲ್ಕೇ ಚೀಲ.

ಇಮಾಮಬಿ ಮೇಜಿನ ಕೆಳಗೆ ತೂರಿದಳು. ನಾನೂ ತೂರಿದೆ. ಇಲ್ಲ. ಬಾಳವ್ವ ಮಾತ್ರ ಹುಡುಕಲಿಲ್ಲ. “ಮೂರನೇದರಾಗ ಐತಿ,” ಎಂದಳು. “ಬಾಯಾರ! ನಂದು ಒಂದು ಚೀಲಾ ಒಳಗ ಹೋಗೇತಿ!”

ಶೆಡ್ಡಿನ ಹನ್ನೆರಡು ಮೇಜುಗಳಲ್ಲೂ ಕೆಲಸ ನಿಂತಿತು. ಹೋದ ಮಳೆಗಾಲದಲ್ಲಿ ಬೇರೊಬ್ಬಾಕೆಯ ಇಂಥದೇ ತಪ್ಪು ಸಿಕ್ಕಿತ್ತು. ಅವಳನ್ನು ಅವತ್ತೇ ಹೊರಹಾಕಿದ್ದರು. ಬಾಳವ್ವ ಸುಮ್ಮನಿದ್ದಿದ್ದರೆ? ಇನ್ನೊಂದು ಮೇಜಿನಿಂದ ಹಳೆಯ ಚೀಲ ಕೇಳಿ ಪಡೆಯುವುದು ಎಷ್ಟರ ಮಾತು. ಆದರೆ ಸೀಸದ ಚೀಲ ಮಡಿಕೆಯಲ್ಲಿ ಉಳಿದ ಛತ್ರಿ ಗಾಳಿಯಲ್ಲಿ ತೊಡರಿಕೊಳ್ಳುತ್ತದೆ, ಇಲ್ಲವೇ ಹರಿಯುತ್ತದೆ. ಹಾರಿದವನು ಕಲ್ಲು ಬಿದ್ದ ಹಾಗೆ ಬೀಳುತ್ತಾನೆ.

ತಾರಾಬಾಯಿಯವರು ಟೆಲಿಫೋನಿಗೆ ಓಡಿದರು. ಪೆಟ್ಟಿಗೆ ತಡೆಯಲು ಅಪ್ಪಣೆ ಕೊಡಬೇಕಾದ ಶೆಡ್ಡಿನ ಸಾಹೇಬರು ಬೆಳಗಾವಿಗೆ ಹೋಗಿದ್ದಾರೆ. ಗಂಟೆ ಎಂಟೂವರೆ. ಬಾಳವ್ವ ನನ್ನ ಸೈಕಲ್ ಕಡೆ ನೋಡಿದಳು. “ನಡೀರಿ,” ಎಂದಳು. ಪರಗಂಡಸಿನ ಸೈಕಲ್ಲಿನ ಹಿಂದೆ ಕುಳಿತು ಪೇಟೆಯಲ್ಲಿ ಹೋದರೆ ಮಂದಿ ಏನಂದಾರು ಎಂಬ ಯೋಚನೆ ನನಗೇ ಬಂತು, ಅವಳಿಗೆ ಬರಲಿಲ್ಲ. ದಾರಿಯುದ್ದಕ್ಕೂ ನನ್ನ ಕೋಟು ಹಿಡಿದುಕೊಂಡು ಒಂದೇ ಮಾತು: “ಲಗೂ ತುಳೀರಿ, ಯಪ್ಪಾ, ಲಗೂ ತುಳೀರಿ.”

ಸ್ಟೇಶನ್ನಿನಲ್ಲಿ ಪೆಟ್ಟಿಗೆಗಳು ಪ್ಲಾಟ್‌ಫಾರ್ಮಿನ ಕೈಗಾಡಿಯ ಮೇಲಿವೆ. ಗಾಡಿ ಆಗಲೇ ಬಂದು ನಿಂತಿದೆ. ಪಾರ್ಸೆಲ್ ಗುಮಾಸ್ತ ಬಿಂದುಮಾಧವರಾಯರು ಕೈಮುಗಿದರು. “ಮಿಲಿಟರಿ ಸೀಲ್ ಅದ. ನಾ ಒಡದ್ರ ನನ್ನ ನೌಕರಿ ಹೋಗ್ತದ. ನೀವು ಒಡದ್ರ ಜೇಲಿಗೆ ಹೋಗ್ತೀರಿ. ಕಾಗದ ತಂದೀರೇನು?” ಕಾಗದವಿಲ್ಲ. ಎರಡು ವರ್ಷದ ಹಿಂದೆ ಈ ಸೀಮೆಯಲ್ಲಿ ಚಲೇಜಾವ್ ಚಳವಳಿಯಲ್ಲಿ ತಂತಿ ಕಡಿದವರನ್ನು ಕೈಗೆ ಬೇಡಿ ಹಾಕಿ ಒಯ್ದದ್ದನ್ನು ಯಾರೂ ಮರೆತಿಲ್ಲ. ಯುದ್ಧದ ಮಾಲು ತಡೆದರೆ ಅದೇ ಗತಿ. ಕೂಲಿಗಳು ಕೈಗಾಡಿಗೆ ಕೈಹಚ್ಚಿದರು.

ಬಾಳವ್ವ ಸೆರಗು ಸಿಕ್ಕಿಸಿ ಪೆಟ್ಟಿಗೆಗಳ ಮೇಲೆ ಹತ್ತಿ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟಳು. “ಗಾಡಿ ಬಿಡ್ರಿ. ಪೆಟ್ಟಿಗಿ ಬಿಡಂಗಿಲ್ಲ.”

ಪೊಲೀಸನೊಬ್ಬ ಲಾಠಿ ಎತ್ತಿಕೊಂಡು ಬಂದ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಸರಿದದ್ದು ನಿಜ.

“ಇಳಿ ಕೆಳಗ! ಪೆಟ್ಟಿಗ್ಯಾಗ ಬಾಂಬ್ ಏನಾರ ಇಟ್ಟೀಯೇನು?”

“ಬಾಂಬಲ್ರಿ. ನನ್ನ ತಪ್ಪೈತಿ.”

ಬಾಳವ್ವ ಪೆಟ್ಟಿಗೆಯ ಅಂಚನ್ನು ಎರಡೂ ಕೈಯಿಂದ ಬಿಗಿಹಿಡಿದು ಕುಳಿತಿದ್ದಳು. ಪೊಲೀಸ ಲಾಠಿಯಿಂದ ಪೆಟ್ಟಿಗೆಗೆ ಬಡಿದ, ಅವಳಿಗೆ ಬಡಿಯಲಿಲ್ಲ. ಗಾರ್ಡ್ ಸೀಟಿ ಊದಿದ. ಗಾಡಿ ಹೊರಟಿತು, ಪೆಟ್ಟಿಗೆಗಳು ಉಳಿದವು. ಇನ್ನು ಪೆಟ್ಟಿಗೆಯೊಳಗೆ ಏನೂ ಸಿಗದಿದ್ದರೆ ಬಾಳವ್ವನ ಗತಿ ಏನು?

ಟಾಂಗಾದಲ್ಲಿ ತಾರಾಬಾಯಿಯವರು ಬಂದಿಳಿದರು. “ಒಡೀರಿ. ನನ್ನ ಸಹಿ ಹಾಕ್ತೇನಿ, ಬಂದದ್ದು ನನಗ ಬರಲಿ,” ಎಂದರು. ಹೆಬ್ಬೆಟ್ಟಿನ ಚೀಟಿ ಹುಡುಕಿ ಛತ್ರಿ ಹೊರತೆಗೆದರು. ಇಮಾಮಬಿಯೂ ಟಾಂಗಾದಲ್ಲಿ ಬಂದಿದ್ದಳು. ಇಬ್ಬರೂ ಪ್ಲಾಟ್‌ಫಾರ್ಮಿನ ಮೇಲೇ ಬಿಚ್ಚತೊಡಗಿದರು. ಒಂದು ಮಡಿಕೆ, ಎರಡು, ಹತ್ತು, ಏನೂ ಇಲ್ಲ. ಬಿಂದುಮಾಧವರಾಯರು ದೇವರ ಹೆಸರು ಹೇಳತೊಡಗಿದರು. ಕೊನೆಯ ಮಡಿಕೆಗೆ ಸ್ವಲ್ಪ ಮೊದಲು ಸೀಸದ ಚೀಲ ದಪ್ಪಂತ ಕಲ್ಲಿನ ಮೇಲೆ ಬಿತ್ತು. ಪೊಲೀಸ ಅದನ್ನು ಎತ್ತಿ ಅಂಗೈಯಲ್ಲಿ ತೂಗಿ ನೋಡಿ ಬಾಳವ್ವನ ಕೈಗೆ ಕೊಟ್ಟ. ಬಾಳವ್ವ ಅದನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡಳು.

ಮಧ್ಯಾಹ್ನ ಮತ್ತೆ ಶೆಡ್ಡು. ತಪ್ಪಿನ ದಫ್ತರದಲ್ಲಿ ಬಾಳವ್ವನ ಹೆಸರು ಬಿದ್ದಿದೆ. ಇಟ್ಟುಕೊಳ್ಳುವುದೋ ಕಳಿಸುವುದೋ, ಸಾಹೇಬರು ಸೋಮವಾರ ಹೇಳುತ್ತಾರೆ. ಇಮಾಮಬಿ ನನ್ನನ್ನು ನೋಡಿ ಹಲ್ಲು ಕಡಿಯುತ್ತಿದ್ದಾಳೆ. “ಇವರು ಬಂದು ಹುಳಾ ಹುಳಾ ಅಂದದ್ದಕ್ಕ ಆತು, ಬಾಳಕ್ಕ. ಸಾಹೇಬ್ರ ಮುಂದ ಹಂಗಂತ ಹೇಳು.”

“ಮಾತು ಅವರದು ಇರ್ಬಹುದು. ಕೈ ನಂದಲ್ಲೇನು?”

ಅದೇ ಛತ್ರಿಯನ್ನು ಆಕೆ ಮತ್ತೆ ಮೇಜಿನ ಮೇಲೆ ಹಾಸುತ್ತಾಳೆ. ನನಗೆ ತಲೆಯೆತ್ತಲು ಮುಖವಿಲ್ಲ. ಆದರೂ ಹಾಳು ಚಾಳಿ, ಇಂಥ ಲೇಖನದ ಕೊನೆಗೆ ಕೇಳುವ ಪ್ರಶ್ನೆ ಬಾಯಿಗೆ ಬಂದೇಬಂತು. “ನಿನ್ನ ಆಸೆ ಏನೈತಿ, ಬಾಳವ್ವ?”

ಆಕೆ ರೇಷ್ಮೆಯ ಸುಕ್ಕು ನೇವರಿಸಿ ಸರಿಮಾಡಿದಳು.

“ಹುಳದ ಸುದ್ದಿ ಎಷ್ಟಾರ ಬರೀರಿ, ಬ್ಯಾಡನ್ನಂಗಿಲ್ಲ. ಆದ್ರ ಚೀಲಾ ಒಳಗ ಬಿಟ್ಟಾಕೀನೂ ನಾನ, ಒದರಿ ಹೇಳಿದಾಕೀನೂ ನಾನ. ಎರಡೂ ಬರೀರಿ. ಈಗ ಹೊರಗ ಹೋಗ್ರಿ. ನನಗ ಎಣಸೋದೈತಿ.”