ನೆಲಕ್ಕೆ ತೌಡು ಚೆಲ್ಲಿದ ದೊಡ್ಡಮ್ಮ

ಮೊನ್ನೆ ಸೊರಬದಲ್ಲಿ ಅಕ್ಕಿ ಗಿರಣಿಯ ಮುಂದೆ ಆಟೋಗೆ ಕಾಯುತ್ತ ನಿಂತಿದ್ದೆ. ಒಳಗಿನಿಂದ ಬಿಸಿ ತೌಡಿನ ವಾಸನೆ ಬಂತು. ಬೇರೆಯವರಿಗೆ ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಪಾಲಿಗೆ ದನ ತಿನ್ನುವ ತೌಡು! ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಶಿಕಾರಿಪುರದ ಆ ಬಾಡಿಗೆ ಮನೆ, ಪಕ್ಕದ ಮನೆಯ ದೊಡ್ಡಮ್ಮ...

ಅವರು ನಮಗೆ ನೆಂಟರೇನಲ್ಲ. ಒಬ್ಬರೇ ಮಾಲೀಕರ ಎರಡು ಮನೆ. ಒಂದರಲ್ಲಿ ನಾವು ಗಂಡ ಹೆಂಡತಿ, ಇನ್ನೊಂದರಲ್ಲಿ ಗಂಡನನ್ನು ಕಳೆದುಕೊಂಡ ಅವರೊಬ್ಬರೇ. ಹಿತ್ತಲಲ್ಲಿ ಇಬ್ಬರಿಗೂ ಸೇರಿ ಒಂದು ಬಚ್ಚಲು. ವಯಸ್ಸಿನಲ್ಲಿ ಹಿರಿಯರೆಂದು ನಾನು ದೊಡ್ಡಮ್ಮ ಎಂದೆ. ಅವರೂ ದೊಡ್ಡಮ್ಮನ ಹಾಗೆಯೇ ಮೊದಲ ದಿನದಿಂದ ಬೈಯಲು ಶುರುಮಾಡಿದರು.

ಆ ಬಚ್ಚಲನ್ನು ಅವರು ನೋಡಿಕೊಳ್ಳುತ್ತಿದ್ದ ಚಂದವನ್ನು ನಾನು ಬೇರೆಲ್ಲೂ ಕಂಡಿಲ್ಲ. ಬೋರ್ ನೀರಿಗೆ ನಲ್ಲಿಯ ಮೂತಿಯೆಲ್ಲ ಬೆಳ್ಳಗೆ ಉಪ್ಪು ಕಟ್ಟುತ್ತಿತ್ತು. ಹಿಂಡಿದ ನಿಂಬೆ ಸಿಪ್ಪೆಯನ್ನು ಎಸೆಯಲು ಬಿಡದೆ ತೆಗೆದಿಟ್ಟುಕೊಂಡು ಅದರಿಂದಲೇ ಉಜ್ಜಿ ನಲ್ಲಿಯನ್ನು ಹೊಳೆಸುತ್ತಿದ್ದರು. ಮಳೆಗಾಲದಲ್ಲಿ ಸಿಮೆಂಟು ನೆಲಕ್ಕೆ ಪಾಚಿ ಹಿಡಿಯುವ ಮೊದಲೇ ತೆಂಗಿನ ನಾರು, ಬೂದಿ ತೆಗೆದುಕೊಂಡು ಕೂರುತ್ತಿದ್ದರು. ನನ್ನ ಗಂಡ ಒಮ್ಮೆ ಅಂಗಡಿಯಿಂದ ಆ್ಯಸಿಡ್ ಬಾಟಲಿ ತಂದಾಗ, ನೆಲ ತಿಂದುಹಾಕುವ ವಿಷ ಎಂದು ಅದನ್ನು ಬಾಗಿಲಿನಿಂದಲೇ ವಾಪಸು ಕಳಿಸಿದ್ದರು. ಎಣ್ಣೆ ಚೆಲ್ಲಿದರೆ ಹೀರಲಿ ಎಂದು ಒಂದು ಡಬ್ಬಿ ತೌಡು ಅವರ ಮನೆಯಲ್ಲಿ ಯಾವಾಗಲೂ ಇರುತ್ತಿತ್ತು. ಯಾರಾದರೂ ಸ್ನಾನ ಮಾಡಿ ಹೊರಗೆ ಬಂದರೆ ಸಾಕು, ಕಡ್ಡಿ ಪೊರಕೆ ಹಿಡಿದು ನೀರನ್ನು ಮೋರಿಗೆ ತಳ್ಳಿ, ಬಟ್ಟೆಯಲ್ಲಿ ಒರೆಸಿಬಿಡುತ್ತಿದ್ದರು.

ಬೀದಿಯ ಹೆಂಗಸರು ಕಾಡಿಸುತ್ತಿದ್ದರು, "ಬಾಡಿಗಿ ಮನಿ ತಿಕ್ಕಿ ತಿಕ್ಕಿ ಯಾರಿಗೆ ಉಳಸ್ತೀರಿ?"

"ಮನಿ ಅವರದಾದ್ರೂ ಕಾಲು ನಮ್ಮವಲ್ಲೇನ್ರವ್ವ?" ಎನ್ನುತ್ತಿದ್ದರು ದೊಡ್ಡಮ್ಮ, ತಲೆ ಎತ್ತದೆ.

ನಾನು ಬಸುರಿಯಾದ ಮೇಲಂತೂ ಅವರ ಕಾವಲು ಹೆಚ್ಚಾಯಿತು. ಮೊದಲನೆಯದು ಐದು ತಿಂಗಳಿಗೇ ಕೈತಪ್ಪಿ ಹೋಗಿತ್ತು. ಈ ಮಗುವನ್ನಾದರೂ ಉಳಿಸಿಕೊಳ್ಳಬೇಕೆಂಬ ಭಯದಲ್ಲಿ ನಾನು ಜೋರಾಗಿ ಸೀನಲೂ ಹೆದರುತ್ತಿದ್ದೆ. ಬೆಳಗ್ಗೆ ನಾನು ಏಳುವ ಹೊತ್ತಿಗೆ ಬಚ್ಚಲು ಒಣಗಿರುತ್ತಿತ್ತು. ಕೈ ಹಿಡಿದುಕೊಳ್ಳಲೆಂದು ಗೋಡೆಗೆ ಒಂದು ಗೂಟವನ್ನೂ ಹೊಡೆಸಿದ್ದರು, ಮಾಲೀಕರನ್ನು ಕೇಳದೆಯೇ.

ಸೀಮಂತದ ದಿನ ಬಂತು. ಸೊರಬದಿಂದ ಬಂದಿದ್ದ ನನ್ನ ಅಮ್ಮನಿಗೆ ಮಗಳ ಮನೆ ಚೆನ್ನಾಗಿ ಕಾಣಲಿ ಎಂಬ ಆಸೆ. ನಮ್ಮ ಪಡಸಾಲೆಯದು ಕೆಂಪು ಸಿಮೆಂಟಿನ ನೆಲ. ಅಂಥ ನೆಲಕ್ಕೆ ಒಂದೆರಡು ತೊಟ್ಟು ಕೊಬ್ಬರಿ ಎಣ್ಣೆ ಹಾಕಿ ಒರೆಸಿದರೆ ಹೊಳಪು ಬರುತ್ತದೆ. ಸಂಭ್ರಮದಲ್ಲಿ ಅಮ್ಮನ ಕೈ ಧಾರಾಳವಾಗಿತ್ತು, ಬಾಟಲಿಯನ್ನೇ ಬಗ್ಗಿಸಿದ್ದಳು. ನೆಲದಲ್ಲಿ ಮುಖ ಕಾಣುತ್ತಿತ್ತು!

ದೊಡ್ಡಮ್ಮ ಬರುವುದಿಲ್ಲ ಎಂದು ಹಿಂದಿನ ದಿನವೇ ಹೇಳಿದ್ದರು. ಶುಭಕಾರ್ಯದಲ್ಲಿ ತಾವು ಎದುರಿಗೆ ಬರಬಾರದು ಎಂಬುದು ಅವರ ಲೆಕ್ಕ. ಆರತಿಯಾದ ಮೇಲೆ ಬಂದು ಊಟ ಮಾಡುತ್ತೇನೆ ಎಂದಿದ್ದರು. ನಾನು ಎಷ್ಟು ಕರೆದರೂ ಕೇಳಲಿಲ್ಲ.

ಎಣ್ಣೆನೀರು ಹಾಕಿಕೊಂಡು, ಒದ್ದೆ ಕಾಲಲ್ಲಿ ನಾನು ಅಡುಗೆಮನೆ ಬಾಗಿಲಿಗೆ ಬಂದಿದ್ದೆ. ಮುಂಬಾಗಿಲಲ್ಲಿ ಮುತ್ತೈದೆಯರು ಕಾಲು ತೊಳೆದುಕೊಳ್ಳುತ್ತಿದ್ದರು. ಇನ್ನೇನು ಪಡಸಾಲೆಗೆ ಹೆಜ್ಜೆ ಇಡಬೇಕು...

"ನಿಲ್ಲು! ಅಲ್ಲೇ ನಿಲ್ಲವ್ವ! ಯಾರೂ ಒಳಗ ಬರಬ್ಯಾಡ್ರಿ!"

ಮುತ್ತೈದೆಯರನ್ನು ಸರಿಸಿಕೊಂಡು, ಒಂದು ಕೈಯಲ್ಲಿ ಪೊರಕೆ, ಇನ್ನೊಂದು ಕೈಯಲ್ಲಿ ತೌಡಿನ ಡಬ್ಬಿ ಹಿಡಿದು ದೊಡ್ಡಮ್ಮ ಮುಂಬಾಗಿಲಿನಿಂದಲೇ ಒಳಗೆ ಬಂದರು. ತಮ್ಮ ಕಟ್ಟೆಯ ಮೇಲಿನಿಂದ ನೆಲದ ಮಿಂಚು ನೋಡಿದ್ದರಂತೆ. ಡಬ್ಬಿಯನ್ನು ಬೋರಲು ಹಾಕಿ ಪಡಸಾಲೆಯ ತುಂಬ ತೌಡು ಚೆಲ್ಲಿದರು.

ಅಮ್ಮ ಅಳುವಂತಾದಳು. "ಎಂತ ಮಾಡ್ತಿದೀರಿ ನೀವು? ಹೊಳಪು ಬರ್ಲಿ ಅಂತ ಒರೆಸಿದ್ದು ನಾನು!"

ಹೊರಗೆ ನಿಂತ ಹಿರಿಯ ಹೆಂಗಸೊಬ್ಬರು ಸಿಡುಕಿದರು. "ಮುತ್ತೈದೇರನ್ನ ಬಾಗಿಲಾಗ ನಿಲ್ಸಿ ಕಸ ಹೊಡಿಯೋದೇನು? ಅದೂ ನೀವು? ಶಾಸ್ತ್ರ ಗೊತ್ತಿಲ್ಲೇನು?"

ದೊಡ್ಡಮ್ಮ ಮೊಣಕಾಲೂರಿ ತೌಡನ್ನು ಉಜ್ಜುತ್ತಲೇ ಇದ್ದರು. "ಏನು ಕೆಟ್ಟದ್ದು ಬಂದ್ರೂ ನನಗ ಬರಲಿ ಬಿಡ್ರಿ. ಈಕಿ ಬಿದ್ದ ಮ್ಯಾಲೆ ನಿಮ್ಮ ಶಾಸ್ತ್ರ ಬಂದು ಎತ್ತತೈತೇನು?"

ಅವರನ್ನು ತಡೆಯಲೆಂದು ಅಮ್ಮ ಮುಂದೆ ಬಂದಳು. ತೌಡು ಬೀಳದ ಮೂಲೆಯಲ್ಲಿ ಅವಳ ಕಾಲು ಸರ್ರನೆ ಜಾರಿತು. ಗೋಡೆ ಹಿಡಿದುಕೊಂಡಳು, ಬೀಳಲಿಲ್ಲ. ಆ ಕಾಲು ನನ್ನದಾಗಿದ್ದರೆ... ಅಮ್ಮನೇ ಇನ್ನೊಂದು ಪೊರಕೆ ತಂದು ಅವರ ಪಕ್ಕ ಕೂತಳು. ಇಬ್ಬರೂ ಸೇರಿ ತೌಡು ಗುಡಿಸಿ, ಸೀಗೆಪುಡಿ ಹಾಕಿ ಬಿಸಿನೀರಲ್ಲಿ ತೊಳೆದು, ನೆಲ ಒಣಗಿಸಿದರು. ಮುತ್ತೈದೆಯರು ಅಷ್ಟೂ ಹೊತ್ತು ಬಿಸಿಲಲ್ಲಿ ನಿಂತಿದ್ದರು. ಪಾಪ, ರೇಷ್ಮೆ ಸೀರೆಯಲ್ಲಿ ಬೆವೆತು ಹೋಗಿದ್ದರು.

"ಬನ್ನಿ, ಒಳಗೆ ಕೂತ್ಕೊಳ್ಳಿ" ಎಂದು ಅಮ್ಮ ದೊಡ್ಡಮ್ಮನ ಕೈ ಹಿಡಿದಳು.

"ಇಷ್ಟು ಜನ ಬಂದಾರ, ಬಚ್ಚಲಿಗೆ ಯಾರು ಗತಿ?" ಎಂದು ಕೈ ಬಿಡಿಸಿಕೊಂಡು ಹೊರಟೇಬಿಟ್ಟರು. ನಾನು ಬಳೆ ತೊಡುವಾಗ, ಆರತಿ ಎತ್ತುವಾಗ, ಹಿತ್ತಲಿನಿಂದ ಪೊರಕೆಯ ಸದ್ದು ಕೇಳುತ್ತಲೇ ಇತ್ತು. ಅಲ್ಲಿದ್ದ ಹಾಡು, ಹಾರೈಕೆಗಳಿಗಿಂತ ನನಗೆ ಆ ಸದ್ದೇ ಧೈರ್ಯ ಕೊಟ್ಟಿತು. ಮಗಳು ಹುಟ್ಟಿದಳು. ಅವಳು ಮೊದಲು ಅಂಬೆಗಾಲಿಟ್ಟದ್ದು ದೊಡ್ಡಮ್ಮನ ಕಡೆಗೇ.

ಮಗಳು ಶಾಲೆಗೆ ಹೋಗುವಷ್ಟು ದೊಡ್ಡವಳಾದ ಮೇಲೆ ನಾವು ಸೊರಬಕ್ಕೆ ಬಂದೆವು. ಅವರು ಬಳ್ಳಿಗಾವಿಯ ತಮ್ಮನ ಮನೆ ಸೇರಿದರು. ಆಗಾಗ ಫೋನಿನಲ್ಲಿ ಬೈಗುಳ ತಲುಪುತ್ತಿತ್ತು.

ಕಳೆದ ತಿಂಗಳು ಸುದ್ದಿ ಬಂತು. ಮಗಳನ್ನು ಕರೆದುಕೊಂಡು ಓಡಿದೆ. ನಾವು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಪದ್ಧತಿಯಂತೆ ಮನೆಯನ್ನೆಲ್ಲ ತೊಳೆದಿದ್ದರು. ಟೈಲ್ಸ್ ಮೇಲೆ ನೀರು ಹಾಗೆಯೇ ನಿಂತಿತ್ತು. ಹೊಸ್ತಿಲಲ್ಲಿ ಮಗಳು ನನ್ನ ಮೊಣಕೈ ಹಿಡಿದು ನಿಲ್ಲಿಸಿದಳು. ಸುತ್ತ ಕಣ್ಣಾಡಿಸಿ, ಒಂದು ಬಟ್ಟೆ ಹುಡುಕಿ ತಂದು, ಮಂಡಿಯೂರಿ ಒರೆಸತೊಡಗಿದಳು.

ದೊಡ್ಡಮ್ಮನ ತಮ್ಮನ ಹೆಂಡತಿ ಗೋಡೆಗೊರಗಿ ಕೂತಲ್ಲಿಂದಲೇ ಹೇಳಿದರು, "ಬಿಡವ್ವ, ತಾನ ಒಣಗತೈತಿ."

"ಇರ್ಲಿ ಅಜ್ಜಿ. ವಯಸ್ಸಾದೋರು ಬರ್ತಾರೆ, ಜಾರುತ್ತೆ."

ನಾನೂ ಸೆರಗು ಸಿಕ್ಕಿಸಿಕೊಂಡು ಅವಳ ಪಕ್ಕ ಕೂತೆ. ಕಣ್ಣು ಮಂಜಾಗಿ ನೆಲವೇ ಕಾಣುತ್ತಿರಲಿಲ್ಲ, ಹೇಗೆ ಹೇಗೋ ಒರೆಸಿದೆ. ಹಾಗೆ ಒರೆಸಿದ್ದಕ್ಕೆ ಒಳಗಿನಿಂದ ಒಂದು ಬೈಗುಳ ಬರಬೇಕಿತ್ತು... ಬರಲಿಲ್ಲ. ಇನ್ನು ನನ್ನನ್ನು ಹಾಗೆ ಬೈಯುವವರು ಯಾರೂ ಇಲ್ಲ.