ಬೆರಳು ನೋಡಿ ತಂತಿ ಆರಿಸಿದ ಕುಂದಾ ಬಾಯಿಯವರು

ಸಿತಾರ, ಹಾರ್ಮೋನಿಯಂಗಳಿಗೆ ಬೆಳಗಾವಿಯಲ್ಲಿ ದೊಡ್ಡ ಪರಂಪರೆಯೇ ಇದೆ. ಆದರೆ ನೈಲಾನ್ ತಂತಿಗಳನ್ನು ಉಗುರಿನಿಂದ ಮೀಟುವ ಕ್ಲಾಸಿಕಲ್ ಗಿಟಾರಿಗೆ ಈ ಊರಿನಲ್ಲಿ ಗೌರವದ ಸ್ಥಾನ ದೊರಕಿಸಿಕೊಟ್ಟವರು ಯಾರೆಂದರೆ, ಕಲಿತವರೆಲ್ಲ ಶ್ರೀಮತಿ ಕುಂದಾ ದೇಸೂರಕರ ಅವರ ಹೆಸರನ್ನೇ ಹೇಳುತ್ತಾರೆ. ಶಿಕ್ಷಕಿಯರನ್ನು 'ಬಾಯಿ' ಎನ್ನುವ ಇಲ್ಲಿನ ರೂಢಿಯಂತೆ ಎಲ್ಲರಿಗೂ ಕುಂದಾ ಬಾಯಿಯಾದ ಅವರು ನಮ್ಮ ಸಂಗೀತ ವಿದ್ಯಾಲಯದಿಂದ ಈಗ ನಿವೃತ್ತರಾಗುತ್ತಿದ್ದಾರೆ.

ಖಾನಾಪುರದಲ್ಲಿ ಹುಟ್ಟಿ, ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ ಆಡುತ್ತ ಬೆಳೆದ ಬಾಯಿಯವರು ಸೇವೆಗೆ ಸೇರಿದಾಗ, ಇಲ್ಲಿ ಎಲ್ಲ ಗಿಟಾರಿಗೂ ಉಕ್ಕಿನ ತಂತಿಯನ್ನೇ ಬಿಗಿಯುತ್ತಿದ್ದರು. ಆ ಸೆಳೆತ ತಾಳದೆ ಹಗುರ ಮೈಯ ವಾದ್ಯಗಳ ಹಲಗೆ ಉಬ್ಬಿ ಹಾಳಾಗುತ್ತಿತ್ತು. ರವಿವಾರ ಪೇಟೆಯ ವಾದ್ಯದಂಗಡಿಯ ಕಾಸಿಮಸಾಬರಿಗೆ ಇದನ್ನು ತಿಳಿಹೇಳಿ, ನೈಲಾನ್ ತಂತಿ ತರಿಸುವಂತೆ ಮಾಡಿದವರು ಅವರೇ. ಹೊಸಬರು ದುಬಾರಿ ತಂತಿಯ ಹೆಸರೆತ್ತಿದರೆ, "ಮೊದಲ ಕೈ ನೋಡೂಣು, ತಂತಿ ಆಮ್ಯಾಲ" ಎನ್ನುತ್ತಿದ್ದರು. ನುಡಿಸುವಾಗ ಎಡಪಾದ ಇಡಲು ಮಕ್ಕಳ ಎತ್ತರಕ್ಕೆ ತಕ್ಕ ಕಾಲ್ಮಣೆಗಳನ್ನು ಬಡಿಗರ ಮುಂದೆ ನಿಂತು ಮಾಡಿಸುತ್ತಿದ್ದರು.

ಹಲವು ವರ್ಷಗಳ ಹಿಂದೆ ವಡಗಾವಿಯ ನೇಕಾರ ಸಾತಪ್ಪನವರ ಮಗಳು ಸಮೃದ್ಧಿ ಅವರ ಶಿಷ್ಯೆಯಾದಳು. ಕಿವಿ ಬಹಳ ಚುರುಕು. ಆದರೆ ಮಗ್ಗದಲ್ಲಿ ಕಡಿದ ಎಳೆಗಳಿಗೆ ಗಂಟು ಹಾಕಿ ಹಾಕಿ ಅವಳ ಉಗುರು ನಿಲ್ಲುತ್ತಿರಲಿಲ್ಲ. ಬೇರೆ ವಾದ್ಯ ಹಿಡಿಸಿರೆಂದು ಸಹೋದ್ಯೋಗಿಗಳು ಬಾಯಿಯವರಿಗೆ ಸೂಚಿಸಿದರು. ಒಂದು ದಿನ ಹುಡುಗಿಯೇ ಬಂದು ನಿಂತಳು.

"ಬಾಯಾರ, ಮಗ್ಗ ಬಿಟ್ರ ಮನಿ ನಡ್ಯಾಂಗಿಲ್ಲ. ಗಿಟಾರ ಬಿಡ್ತೀನ್ರಿ."

ಬಾಯಿಯವರ ಸ್ವಂತ ಗಿಟಾರ್ ಕಛೇರಿ ತಿಂಗಳೊಪ್ಪತ್ತಿನಲ್ಲಿತ್ತು. ಬಲಗೈಯ ಉಗುರುಗಳನ್ನು ಅವರು ಕಣ್ಣಿನಂತೆ ಕಾಪಾಡಿಕೊಂಡು ಬಂದಿದ್ದರು. ಮರುದಿನದ ಪಾಠಕ್ಕೆ ಅವನ್ನು ಬುಡದವರೆಗೆ ಕತ್ತರಿಸಿಕೊಂಡು ಬಂದು ಕೈ ಚಾಚಿದರು. "ಉಗುರಿಲ್ದ ನುಡಿಸೂದು ನನಗೂ ಬರೂದಿಲ್ಲ. ಇಬ್ಬರೂ ಕೂಡೇ ಕಲಿಯೂಣು."

ಉಗುರಿಲ್ಲದ ಬೆರಳಿಗೆ ಒಗ್ಗುವ ತಂತಿಯನ್ನು ಇಬ್ಬರೂ ಹುಡುಕಲು ತೊಡಗಿದರು. ಮೆತ್ತಗಿನ ತಂತಿ ಬೆರಳಿಗೆ ಹಿತವಾದರೂ ನಾದ ಮಂಕಾಯಿತು; ಬಿಗಿ ಹೆಚ್ಚಾದರೆ ಬೆರಳ ತುದಿ ಉರಿಯಿತು. ಕೊನೆಗೆ ಮೇಲಿನ ಸ್ವರಗಳಿಗೆ ತೆಳ್ಳಗಿನ ಕಾರ್ಬನ್ ತಂತಿ, ಕೆಳಗಿನವಕ್ಕೆ ಕಡಿಮೆ ಬಿಗಿಯವು ಎಂದು ನಿರ್ಧಾರವಾಯಿತು. ಬರಿಯ ಬೆರಳಿಗೂ ನಾದ ತಿಳಿಯಾಗಿ ಒಲಿಯಿತು.

ಕಛೇರಿಯ ದಿನ ಬಾಯಿಯವರು ವೇದಿಕೆಯೇರಿ ಬರಿಯ ಬೆರಳಿನಿಂದಲೇ ನುಡಿಸಿದರು. ಧ್ವನಿ ಮೊದಲಿಗಿಂತ ಸಣ್ಣದಾಯಿತೆಂದು ಕೆಲವರು ಆಡಿಕೊಂಡರು; ಹೌದು, ಸಣ್ಣದಾಗಿದೆ ಎಂದು ಅವರೂ ಒಪ್ಪಿದರು. ಆದರೆ ಉಗುರು ಮತ್ತೆ ಬೆಳೆಸಲಿಲ್ಲ. ಮುಂದಿನ ವರ್ಷ ಅದೇ ವೇದಿಕೆಯಲ್ಲಿ ಸಮೃದ್ಧಿ ನುಡಿಸಿದಳು. ಮಗ್ಗ ನಿಲ್ಲಿಸಿ ಬಂದಿದ್ದ ಸಾತಪ್ಪನವರು ಮುಗಿದ ಮೇಲೆ ಬಾಯಿಯವರ ಬಳಿ ಹೋಗಿ, "ಇಷ್ಟ ದಿನಾ ಮನ್ಯಾಗ ಮಗ್ಗದ ಸಪ್ಪಳದಾಗ ನಾ ಕೇಳಿದ್ದು ಇದನ್ನೇನ್ರೀ?" ಎಂದಷ್ಟೇ ಕೇಳಿ ಕಣ್ಣೊರೆಸಿಕೊಂಡರು.

ಬಾಯಿಯವರಿಂದ ತೆರವಾಗುವ ಹುದ್ದೆಗೆ ಈಗ ಸಮೃದ್ಧಿಯೇ ಆಯ್ಕೆಯಾಗಿದ್ದಾಳೆ. ಒಬ್ಬ ಶಿಕ್ಷಕಿಯ ಸೇವೆಗೆ ಇದಕ್ಕಿಂತ ದೊಡ್ಡ ಸನ್ಮಾನವನ್ನು ನಾವು ಯಾವ ಶಾಲು ಹೊದಿಸಿ ಮಾಡಬಲ್ಲೆವು? ಕುಂದಾ ಬಾಯಿಯವರಿಗೆ ಆರೋಗ್ಯ, ಆಯುಷ್ಯಗಳು ತುಂಬಿ ಬರಲಿ. ಖಾನಾಪುರದ ಮನೆಯ ಪಡಸಾಲೆಯಲ್ಲಿ ಅವರು ತೆರೆಯಲಿರುವ ಗಿಟಾರ್ ಶಾಲೆಗೆ ಬೆಳಗಾವಿಯ ಮಂದಿಯೂ ಹುಡುಕಿಕೊಂಡು ಹೋಗುವಂತಾಗಲಿ.